ಹಡಗಿನಲ್ಲಿ ಏಳು ರಾತ್ರಿ, ಕೈಯಲ್ಲಿ ಹದಿಮೂರು ಎಲೆ

ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಹೋಗುವ ಕ್ವೀನ್ ಮೇರಿ 2 ಹಡಗಿಗೆ ಸಾಮಾನ್ಯವಾಗಿ 7 ರಾತ್ರಿಯ ದಾರಿ. ಸುತ್ತ ಅಟ್ಲಾಂಟಿಕ್ ಸಾಗರ. ಪಶ್ಚಿಮಕ್ಕೆ ಸಾಗುವುದರಿಂದ ದಾರಿಯುದ್ದಕ್ಕೂ ಗಡಿಯಾರವನ್ನು ಒಟ್ಟು 5 ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹಾಗಾಗಿ ಹೊತ್ತಿಗೆ ಬರವಿಲ್ಲ. ಇಬ್ಬಿಬ್ಬರ ಎರಡು ಜೋಡಿಗಳು ಆಡುವ ಎಲೆಯಾಟ ಬ್ರಿಡ್ಜ್. ಅದನ್ನು ಕಲಿಯಬೇಕೆಂದು ವರ್ಷಗಳಿಂದ ಅಂದುಕೊಂಡವರು ಇಂಥ ಯಾನದಲ್ಲೇ ಕಲಿಯಲಿ ಎನ್ನುವುದು ನನ್ನ ಸಲಹೆ. ಬೆಳಿಗ್ಗೆ ಕಲಿತದ್ದನ್ನು ಮಧ್ಯಾಹ್ನವೇ ಆಡಬಹುದು, ನಾಳೆಯೂ ಅದೇ ಜೊತೆಗಾರರು ಸಿಗುತ್ತಾರೆ.

ಈ ಆಟಕ್ಕೂ ಹಡಗಿಗೂ ಹಳೆಯ ನಂಟು. ಇಂದು ಲೋಕವೆಲ್ಲ ಆಡುವ ಕಾಂಟ್ರಾಕ್ಟ್ ಬ್ರಿಡ್ಜ್‌ನ ಅಂಕಪದ್ಧತಿಯನ್ನು ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ ಮೊದಲು ಆಡಿ ನೋಡಿದ್ದು 1925ರಲ್ಲಿ, ಪನಾಮಾ ಕಾಲುವೆಯ ದಾರಿಯಲ್ಲಿದ್ದ ಫಿನ್‌ಲ್ಯಾಂಡ್ ಎಂಬ ಹಡಗಿನಲ್ಲಿ. ಮೂವರು ಗೆಳೆಯರು ಅವರ ಜೊತೆಗಿದ್ದರು. ಒಂದು ಗೇಮ್ (ನೂರು ಅಂಕದ ಆಟ) ಗೆದ್ದ ಜೋಡಿಗೆ ಮುಂದೆ ಸೋತರೆ ಹೆಚ್ಚು ದಂಡ ಬೀಳುತ್ತದಲ್ಲ, ಆ ಸ್ಥಿತಿಗೆ ‘ವಲ್ನರಬಲ್’ ಎಂಬ ಹೆಸರನ್ನು ಸೂಚಿಸಿದ್ದು ಅದೇ ಹಡಗಿನಲ್ಲಿದ್ದ ಒಬ್ಬ ಯುವತಿ.

ಟಿಕೆಟ್ ಕೊಳ್ಳುವ ಮೊದಲು ಒಂದು ಮಾತು ಕೇಳಿಕೊಳ್ಳಿ: ಈ ಯಾನದಲ್ಲಿ ಬ್ರಿಡ್ಜ್ ಕಲಿಸುವವರು ಇದ್ದಾರೆಯೇ? ಎಲ್ಲ ಹಡಗಿನಲ್ಲೂ, ಎಲ್ಲ ಯಾನದಲ್ಲೂ ಇರುವುದಿಲ್ಲ. ಒಂಟಿಯಾಗಿ ಹೊರಟವರು ಮೊದಲ ದಿನವೇ, ಆಟ ಶುರುವಾಗುವ ಮುಂಚೆಯೇ ಹೋಗಿ ಹೆಸರು ಹೇಳಿದರೆ ಜೊತೆಗಾರರನ್ನು ಹುಡುಕಿಕೊಡುತ್ತಾರೆ.

ಕರಾವಳಿಯಲ್ಲೋ ಕೊಡಗಿನಲ್ಲೋ ‘ಇಪ್ಪತ್ತೆಂಟು’ ಎಂಬ ಎಲೆಯಾಟ ಆಡಿದವರಿಗೆ ಅರ್ಧ ದಾರಿ ಆಗಲೇ ಸವೆದಿದೆ. ಎದುರು ಕೂತವರು ನಮ್ಮ ಜೊತೆಗಾರರು, ಬಿಡ್ (ಇಷ್ಟು ಗೆಲ್ಲುತ್ತೇವೆ ಎಂದು ಕೂಗುವ ಹರಾಜು) ಇದೆ, ತುರುಪು (ಉಳಿದ ಬಣ್ಣಗಳನ್ನೆಲ್ಲ ಹೊಡೆಯುವ ಬಣ್ಣ) ಇದೆ. ಮರೆಯಬೇಕಾದ್ದು ಎರಡು. ಇಲ್ಲಿ ಗುಲಾಮ ಎಲ್ಲರಿಗಿಂತ ದೊಡ್ಡವನಲ್ಲ. ಎಕ್ಕ, ರಾಜ, ರಾಣಿ ಆದ ಮೇಲೆ ಅವನು. ತುರುಪನ್ನು ಮುಚ್ಚಿಡುವುದೂ ಇಲ್ಲ.

ಎಲೆ ಕೈಗೆ ಬಂದೊಡನೆ ಎಣಿಸಿ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಡೀ ಕಟ್ಟಿನಲ್ಲಿ 40 ಪಾಯಿಂಟು. ಸುಮಾರು 12-13 ಇದ್ದರೆ ನೀವು ಬಿಡ್ ಶುರು ಮಾಡಬಹುದು. ಇಬ್ಬರ ಕೈಯೂ ಸೇರಿ 25ರ ಆಸುಪಾಸು ಇದ್ದರೆ ಬೋನಸ್ ಸಿಗುವಷ್ಟು ದೊಡ್ಡ ಬಿಡ್, ಅಂದರೆ ಗೇಮ್‌ಗೆ ಹೋಗಬಹುದು. ಕೆಳಗಿನಿಂದ ಮೇಲಕ್ಕೆ ಕಳಾವರ್, ಡೈಮಂಡು, ಆಟೀನು, ಇಸ್ಪೀಟು, ಎಲ್ಲಕ್ಕೂ ಮೇಲೆ ತುರುಪೇ ಇಲ್ಲದ ನೋ ಟ್ರಂಪ್. ಬಿಡ್‌ನಲ್ಲಿ ಹೇಳಿದ ಸಂಖ್ಯೆಗೆ 6 ಕೂಡಿಸಿದರೆ ಗೆಲ್ಲಬೇಕಾದ ಟ್ರಿಕ್‌ಗಳು ಎಷ್ಟೆಂದು ತಿಳಿಯುತ್ತದೆ. ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತೇ ಟ್ರಿಕ್. ಬಿಡ್ ತಲೆಗೆ ಹತ್ತದಿದ್ದರೆ ಮೊದಲ ದಿನ ಮಿನಿಬ್ರಿಡ್ಜ್ ಆಡಿಸಲು ಕೇಳಿ. ಅದರಲ್ಲಿ ಹರಾಜಿಲ್ಲ. ಎಲ್ಲರೂ ಪಾಯಿಂಟು ಹೇಳುತ್ತಾರೆ, ಹೆಚ್ಚಿದ್ದ ಜೋಡಿ ಆಡಿಸುತ್ತದೆ.

ಒಂದು ಕೈ ನೋಡೋಣ. ನಿಮಗೆ ಬಂದದ್ದು ಇಸ್ಪೀಟು ಎಕ್ಕ, ರಾಜ, ಗುಲಾಮ, 7, 5. ಆಟೀನು ರಾಜ, 8, 3. ಡೈಮಂಡು ರಾಣಿ, 6. ಕಳಾವರ್ 9, 4, 2. ಒಟ್ಟು 13 ಪಾಯಿಂಟು, ಐದು ಇಸ್ಪೀಟು. ‘ಒಂದು ಇಸ್ಪೀಟು’ ಎನ್ನುತ್ತೀರಿ. ಜೊತೆಗಾರರು ‘ಎರಡು ಇಸ್ಪೀಟು’ ಎಂದರೆ ಅವರಲ್ಲಿ ಮೂರು ಇಸ್ಪೀಟಾದರೂ ಇವೆ, ಪಾಯಿಂಟು ಮಾತ್ರ 6ರಿಂದ 9. ಗೇಮ್‌ಗೆ ಸಾಲದು, ಪಾಸ್ ಮಾಡಿ. ಇದೇ ನಿಮ್ಮ ಕಾಂಟ್ರಾಕ್ಟ್, ಈಗ 8 ಟ್ರಿಕ್ ಬೇಕು.

ಎಡಗಡೆಯವರು ಮೊದಲ ಎಲೆ ಹಾಕಿದ ಮೇಲೆ ಜೊತೆಗಾರರು ತಮ್ಮ ಕೈಯನ್ನು ಮೇಜಿನ ಮೇಲೆ ಬಿಡಿಸಿಡುತ್ತಾರೆ: ಇಸ್ಪೀಟು ರಾಣಿ, 8, 4, ಆಟೀನು ಎಕ್ಕ, 7, ಡೈಮಂಡು 9, 7, 5, 3, ಕಳಾವರ್ ರಾಣಿ, 8, 7, 3. ಇದೇ ಡಮ್ಮಿ, ಇದರ ಎಲೆಗಳನ್ನೂ ನೀವೇ ಆಡುತ್ತೀರಿ. ತಕ್ಷಣ ಎಲೆ ಮುಟ್ಟಬೇಡಿ, ಲೆಕ್ಕ ಹಾಕಿ. ಇಸ್ಪೀಟಿನಲ್ಲಿ 5, ಆಟೀನಿನಲ್ಲಿ 2, ಒಟ್ಟು 7. ಎಂಟನೆಯದು ಎಲ್ಲಿ? ಡಮ್ಮಿಯಲ್ಲಿ ಆಟೀನು ಎರಡೇ ಇವೆ. ನಿಮ್ಮ ಮೂರನೆಯ ಆಟೀನನ್ನು ಅಲ್ಲಿಯ ತುರುಪಿನಿಂದ ಹೊಡೆದರೆ ಎಂಟು.

ಹೊಸಬರು ಎಡವುವುದು ಇಲ್ಲಿಯೇ. ‘ಮೊದಲು ಎದುರಾಳಿಗಳ ತುರುಪು ಖಾಲಿ ಮಾಡು’ ಎಂಬ ಪಾಠ ನೆನಪಾಗಿ ಮೂರು ಸುತ್ತು ಇಸ್ಪೀಟು ಎಳೆಯುತ್ತಾರೆ. ಡಮ್ಮಿಯ ತುರುಪೂ ಅದರೊಂದಿಗೆ ಮುಗಿಯುತ್ತದೆ. ಇಲ್ಲಿ ಆ ಕ್ರಮ ತಿರುಗಬೇಕು. ಸರದಿ ನಿಮಗೆ ಸಿಕ್ಕೊಡನೆ ಆಟೀನು ಎಕ್ಕ, ಆಮೇಲೆ ರಾಜ, ಮೂರನೆಯದನ್ನು ಡಮ್ಮಿಯ 4ರಿಂದ ಹೊಡೆಯಿರಿ, ಆಮೇಲೆ ತುರುಪು ಎಳೆಯಿರಿ. ಎದುರಾಳಿಗಳ ಬಳಿ ಇರುವ ಐದು ತುರುಪು 3-2 ಆಗಿ ಹಂಚಿಹೋಗುವ ಸಾಧ್ಯತೆ ಸುಮಾರು 68%. ಹಾಗೆ ಹಂಚಿದ್ದರೆ ಕಾಂಟ್ರಾಕ್ಟ್ ನಿಮ್ಮದು, 110 ಅಂಕ.

ಮಧ್ಯಾಹ್ನದ ಡುಪ್ಲಿಕೇಟ್ ಆಟದಲ್ಲಿ ಇದೇ ಎಲೆಗಳು ಪೆಟ್ಟಿಗೆಯಂಥ ಬೋರ್ಡಿನಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತವೆ. ಇನ್ನೊಂದು ಮೇಜಿನಲ್ಲಿ ಇದೇ ಕೈ ಹಿಡಿದವರು ಏಳೇ ಟ್ರಿಕ್ ಗೆದ್ದರೆ, ವಲ್ನರಬಲ್ ಅಲ್ಲದಿದ್ದರೂ ಅವರಿಗೆ ಮೈನಸ್ 50. ಅದೃಷ್ಟದ ಪಾಲು ಕಡಿಮೆಯಾಗಿ ಆಟದ ಪಾಲು ಹೆಚ್ಚುವುದರಿಂದ ನನಗೆ ಬ್ರಿಡ್ಜ್‌ನಲ್ಲಿ ಇದೇ ಎಲ್ಲಕ್ಕಿಂತ ಇಷ್ಟ.

ಈ ಮಾರ್ಗದಲ್ಲಿ ಬ್ರಿಟಿಷರೂ ಅಮೆರಿಕನ್ನರೂ ಒಂದೇ ಮೇಜಿಗೆ ಬರುತ್ತಾರೆ. ಅಮೆರಿಕದವರು ಸಾಮಾನ್ಯವಾಗಿ ಐದು ಎಲೆ ಇದ್ದರೆ ಮಾತ್ರ ಇಸ್ಪೀಟು, ಆಟೀನಿನಿಂದ ಶುರು ಮಾಡುತ್ತಾರೆ. ಅವರ ‘ಒಂದು ನೋ ಟ್ರಂಪ್’ ಎಂದರೆ 15-17. ಬ್ರಿಟನ್ನಿನ ಅಕೋಲ್ ಪದ್ಧತಿಯಲ್ಲಿ ನಾಲ್ಕೇ ಎಲೆ ಸಾಕು, ‘ಒಂದು ನೋ ಟ್ರಂಪ್’ ಎಂದರೆ 12-14. ಅದಕ್ಕೆ ಕೂತ ಕೂಡಲೇ ಜೊತೆಗಾರರನ್ನು ಈ ಎರಡು ವಿಷಯ ಕೇಳಿಬಿಡಿ. ಆಟ ಶುರುವಾದ ಮೇಲೆ ಕಣ್ಣಸನ್ನೆ, ನಿಟ್ಟುಸಿರು, ಬಿಡ್ ಹೇಳುವಾಗ ದನಿ ಏರಿಸುವುದು ಯಾವುದೂ ಸಲ್ಲದು. ಮನೆಯ ಆಟದಲ್ಲಿ ನಡೆಯುವ ತಮಾಷೆಯ ಸನ್ನೆಯೂ ಇಲ್ಲಿ ಮೋಸವೇ. ಏನಾದರೂ ಎಡವಟ್ಟಾದರೆ ನೀವೇ ತೀರ್ಮಾನಿಸಬೇಡಿ, ಆಟ ನಡೆಸುವ ಡೈರೆಕ್ಟರ್ ಅವರನ್ನು ಕರೆಯಿರಿ.

ಸಂಜೆ ಅಂಕಪಟ್ಟಿ ಬಂದಾಗ ಗೆದ್ದವರ ಹೆಸರು ಓದಿ ಹೊರಟುಬಿಡಬೇಡಿ. ನೀವು ಸೋತ ಬೋರ್ಡಿನ ಸಂಖ್ಯೆ ಹುಡುಕಿ, ಅದನ್ನು ಗೆದ್ದ ಮೇಜಿನವರ ಪಕ್ಕ ಚಹಾಕ್ಕೆ ಕೂತು, ಮೊದಲು ಯಾವ ಎಲೆ ಆಡಿದಿರಿ ಎಂದು ಕೇಳಿ.