ಗೇರ್‌ಬಾಕ್ಸ್ ಬದಲಿಸಿದ ಮೇಲೆ ಫೋರ್ ಲೋ ನಿಲ್ಲುತ್ತಿಲ್ವಾ? ಮೊದಲು ರಾಡ್ ಬಿಚ್ಚಿ ನೋಡಿ

ಕಳೆದ ಮಳೆಗಾಲದಲ್ಲಿ ಹೆಬ್ರಿ ಕಡೆ ಒಂದು ಅಡಿಕೆ ತೋಟದ ಏರಿನಲ್ಲಿ ನಮ್ಮ ಜೀಪಿನ ಫೋರ್ ಲೋ, ಅಂದರೆ ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಜೋರು ಎಳೆತ ಕೊಡುವ ಗೇರ್, ಒಮ್ಮೆಲೇ ಬಿಟ್ಟುಕೊಂಡಿತು. ಎಂಜಿನ್ ಸುಮ್ನೆ ಕೂಗಿತು, ಗಾಡಿ ಹಿಂದಕ್ಕೆ ಜಾರಿತು. ಬ್ರೇಕ್ ಹಿಡಿದದ್ದು ಪುಣ್ಯ. ಹಳೆಯ ಗೇರ್‌ಬಾಕ್ಸ್ ತೆಗೆದು ಐದು ಗೇರಿನದ್ದು ಹಾಕಿಸಿ ಎರಡು ವಾರವೂ ಆಗಿರಲಿಲ್ಲ. ಟ್ರಾನ್ಸ್‌ಫರ್ ಕೇಸೇ (ಗೇರ್‌ಬಾಕ್ಸಿನಿಂದ ಬಂದ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹೋಗಿದೆ, ಇಳಿಸಿ ಬಿಚ್ಚಬೇಕು ಅಂತ ಒಂದು ಗ್ಯಾರೇಜಿನಲ್ಲಿ ಹೇಳಿದರು. ಕೇಸಿಗೆ ಏನೂ ಆಗಿರಲಿಲ್ಲ. ಲಿವರಿನಿಂದ ಕೇಸಿಗೆ ಹೋಗುವ ರಾಡಿನ ಮತ್ತು ಲಿವರಿನ ಜೋಡಣೆ ತಪ್ಪಿತ್ತು, ಅಷ್ಟೇ.

ಯಾಕೆ ತಪ್ಪುತ್ತದೆ ಅಂದರೆ, ಹೊಸ ಗೇರ್‌ಬಾಕ್ಸ್ ಹಳೆಯದರಷ್ಟೇ ಉದ್ದ ಇರುವುದು ಕಡಿಮೆ. ಒಂದು ಇಂಚು ಉದ್ದ ಇದ್ದರೆ ಕೇಸ್ ಒಂದು ಇಂಚು ಹಿಂದೆ ಹೋಗುತ್ತದೆ, ಆದರೆ ಲಿವರ್ ಮಾತ್ರ ಫ್ಲೋರಿನ ಹಳೆಯ ತೂತಿನಲ್ಲೇ ಇರುತ್ತದೆ. ಗೇರ್‌ಬಾಕ್ಸಿಗೂ ಕೇಸಿಗೂ ನಡುವೆ ಜೋಡಿಸುವ ಅಡಾಪ್ಟರ್ ಪ್ಲೇಟ್ ಹಾಕಿದ್ದರೆ ಕೇಸ್ ಸ್ವಲ್ಪ ತಿರುಗಿಯೂ ಕೂತಿರಬಹುದು, ಆಗ ಅದರ ಸೆಲೆಕ್ಟರ್ ಆರ್ಮ್ (ರಾಡ್ ಎಳೆದಾಗ ತಿರುಗಿ ಗೇರ್ ಬದಲಿಸುವ ತೋಳು) ಮೇಲೆ ಅಥವಾ ಕೆಳಗೆ ಹೋಗಿರುತ್ತದೆ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಈ ರಾಡ್ ಇಲ್ಲ, ಲಿವರ್ ಕೇಸಿನ ಮೇಲೆಯೇ ಇರುತ್ತದೆ. ಅವುಗಳಲ್ಲಿ ಲಿವರ್ ಫ್ಲೋರಿಗೆ ತಾಗುತ್ತದಾ ಅಂತ ನೋಡಿದರೆ ಸಾಕು. ಜಿಪ್ಸಿಯಲ್ಲಿ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯಾಗಿ ರಬ್ಬರ್ ಮೌಂಟಿನ ಮೇಲೆ ಕೂತಿದೆ, ಹಾಗಾಗಿ ಮೊದಲು ಆ ರಬ್ಬರ್ ನೋಡಿ. ಇಲ್ಲಿ ಬರೆಯುತ್ತಿರುವುದು ರಾಡ್ ಇರುವ ಗಾಡಿಗಳ ಬಗ್ಗೆ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಮಾತು. ಕೇಸ್ ನ್ಯೂಟ್ರಲ್‌ನಲ್ಲಿದ್ದಾಗ ಗಾಡಿಯನ್ನು ಫಸ್ಟ್ ಗೇರಿನಲ್ಲಿ ಇಟ್ಟರೂ ಅದು ನಿಲ್ಲುವುದಿಲ್ಲ, ಯಾಕೆಂದರೆ ಗೇರ್‌ಬಾಕ್ಸಿಗೂ ಚಕ್ರಕ್ಕೂ ಸಂಬಂಧವೇ ಕಡಿದಿರುತ್ತದೆ. ಸಮತಟ್ಟು ಅಂಗಳದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ನಾಲ್ಕೂ ಚಕ್ರಕ್ಕೆ ಮರದ ತುಂಡು ಕೊಡಿ. ಎತ್ತಬೇಕಾದರೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ, ಅದರಲ್ಲೂ ಮಳೆ ಬಿದ್ದು ಮೆತ್ತಗಾದ ಕೆಂಪು ಮಣ್ಣಿನಲ್ಲಿ.

ಈಗ ರಾಡ್ ಬಿಚ್ಚಿ. ಸ್ಪ್ಲಿಟ್ ಪಿನ್ ತೆಗೆದು ಕೇಸಿನ ಕಡೆಯ ತುದಿ ಕಳಚಿ. ಸಮುದ್ರದ ಹತ್ತಿರದ ಗಾಡಿಯಾದರೆ ಪಿನ್ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಆಮೇಲೆ ಸೆಲೆಕ್ಟರ್ ಆರ್ಮನ್ನು ಕೈಯಿಂದಲೇ ಒಂದೊಂದು ಜಾಗಕ್ಕೂ ತಿರುಗಿಸಿ. ಒಳಗೆ ಸ್ಪ್ರಿಂಗ್ ಹಿಂದೆ ಒಂದು ಉಕ್ಕಿನ ಗುಂಡು ಇದೆ, ಅದು ಗುಳಿಗೆ ಬಿದ್ದಾಗ ಟಕ್ ಅಂತ ಕೈಗೆ ಗೊತ್ತಾಗುತ್ತದೆ. ಲೋಗೆ ಬೀಳದಿದ್ದರೆ ಜೋರು ಮಾಡಬೇಡಿ, ಒಳಗಿನ ಹಲ್ಲು ಹಲ್ಲಿಗೆ ಎದುರಾಗಿರಬಹುದು. ಗಾಡಿಯನ್ನು ಒಂದು ಅಡಿ ದೂಡಿ, ಮತ್ತೆ ತುಂಡು ಕೊಟ್ಟು ನೋಡಿ. ಎಲ್ಲ ಜಾಗದಲ್ಲೂ ಟಕ್ ಚೆನ್ನಾಗಿ ಸಿಕ್ಕಿದರೆ ಸೆಲೆಕ್ಟರ್ ಸರಿ ಇದೆ ಅಂತ ಮುಂದುವರಿಯಬಹುದು. ಇನ್ನೂ ಅನುಮಾನವಿದ್ದರೆ ಆರ್ಮನ್ನು ಕೈಯಲ್ಲೇ ಫೋರ್ ಲೋಗೆ ಹಾಕಿ, ರಾಡನ್ನು ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ತಾಗದಂತೆ ತಂತಿಯಲ್ಲಿ ಮೇಲಕ್ಕೆ ಕಟ್ಟಿ, ಸಡಿಲ ಮಣ್ಣಿನಲ್ಲಿ ನಿಧಾನಕ್ಕೆ ನಾಲ್ಕು ಮೀಟರ್ ಓಡಿಸಿ. ಆಗಲೂ ಬಿಟ್ಟುಕೊಂಡರೆ ತೊಂದರೆ ಕೇಸಿನ ಒಳಗೇ ಇದೆ, ರಾಡಿನಿಂದ ಅದು ಸರಿಹೋಗುವುದಿಲ್ಲ. ಈ ಪರೀಕ್ಷೆ ಮಾಡದೆ ಕೇಸ್ ಇಳಿಸಲು ಯಾರಿಗೂ ಒಪ್ಪಬೇಡಿ.

ರಾಡ್ ಹೊಂದಿಸುವಾಗ ಆರ್ಮ್ ಎಲ್ಲಿದೆ ಅನ್ನುವುದೇ ಲೆಕ್ಕ, ಲಿವರ್ ಎಲ್ಲಿದೆ ಅನ್ನುವುದಲ್ಲ. ಡ್ಯಾಶಿನಲ್ಲಿ ದೀಪ ಹೊತ್ತಿದ ಮಾತ್ರಕ್ಕೂ ಗೇರ್ ಪೂರ್ತಿ ಕೂತಿದೆ ಅಂತ ಅಲ್ಲ. ಆರ್ಮನ್ನು ಫೋರ್ ಲೋ ಗುಳಿಯಲ್ಲಿ ಕೂರಿಸಿ. ಒಳಗೆ ಒಬ್ಬರು ಲಿವರನ್ನು ಫೋರ್ ಲೋ ಜಾಗದಲ್ಲಿ ಹಿಡಿಯಲಿ, ಆದರೆ ಲಿವರ್ ಓಡಾಡುವ ಗೇಟಿನ ಅಂಚಿಗೆ ಒತ್ತಿ ಅಲ್ಲ, 3-4 ಮಿಲಿಮೀಟರ್ ಸಂದು ಬಿಟ್ಟು. ರಾಡಿನ ತುದಿಯನ್ನು ತಿರುಗಿಸುತ್ತಾ ಪಿನ್ ತನ್ನಷ್ಟಕ್ಕೆ ತೂತಿಗೆ ಜಾರುವಷ್ಟು ಉದ್ದ ಮಾಡಿ. ಸುತ್ತಿಗೆ ಬೇಕಾಯಿತು ಅಂದರೆ ಉದ್ದ ಇನ್ನೂ ತಪ್ಪಿದೆ. ಆಮೇಲೆ ಟೂ ಹೈ (ಎರಡು ಚಕ್ರ, ಮಾಮೂಲಿ ವೇಗ), ಫೋರ್ ಹೈ (ನಾಲ್ಕು ಚಕ್ರ, ಮಾಮೂಲಿ ವೇಗ), ನ್ಯೂಟ್ರಲ್ ಪ್ರತಿಯೊಂದಕ್ಕೂ ಹಾಕಿ, ಪ್ರತಿ ಸಲವೂ ಪಿನ್ ಹೊರಗೆಳೆದು ನೋಡಿ. ಎಲ್ಲೂ ಬಿಗಿ ಇರಬಾರದು. ಬಿಗಿ ಇದ್ದರೆ ರಾಡ್ ಯಾವಾಗಲೂ ಕೇಸಿನ ಒಳಗೆ ಗೇರ್ ಸರಿಸುವ ಫೋರ್ಕನ್ನು ಒಂದು ಕಡೆಗೆ ಒತ್ತುತ್ತಿರುತ್ತದೆ, ಹಾಗೆ ಒತ್ತಿ ಒತ್ತಿ ಫೋರ್ಕೇ ಸವೆದುಹೋಗುತ್ತದೆ.

ಒಂದು ತುದಿಯ ಜಾಗ (ಟೂ ಹೈ) ಸರಿಯಾದರೆ ಇನ್ನೊಂದು ತುದಿಯದು (ಫೋರ್ ಲೋ) ಸಿಗುವುದಿಲ್ಲ ಅನ್ನುವವರು ಜಾಸ್ತಿ. ಅಲ್ಲಿ ತಪ್ಪಿರುವುದು ಉದ್ದ ಅಲ್ಲ, ಓಟ, ಅಂದರೆ ರಾಡ್ ಹಿಂದೆ ಮುಂದೆ ಸರಿಯುವ ದೂರ. ನಾನೂ ಮೂರು ಸಲ ರಾಡ್ ಉದ್ದ ಗಿಡ್ಡ ಮಾಡಿ ಸೋತು ಬೈಕಂಪಾಡಿಯ ಒಂದು ಲೇತಿಗೆ ಹೋದೆ. ಅಲ್ಲಿನವರು ನೋಡಿದ ಕೂಡಲೇ "ರಾಡ್ ಮುಟ್ಟುದು ಬೇಡ ಮಾರಾಯ್ರೆ, ತೂತು ಬದಲಿಸುವ" ಅಂದರು. ಲೆಕ್ಕ ಸುಲಭ. ಲಿವರಿನಲ್ಲಿ ಪಿವಟ್‌ನಿಂದ (ಅದು ತಿರುಗುವ ಕೀಲಿನಿಂದ) ಕೆಳಗಿರುವ ಭಾಗ ಉದ್ದ ಆದಷ್ಟು ರಾಡ್ ಜಾಸ್ತಿ ಓಡುತ್ತದೆ. ಇಲ್ಲವಾದರೆ ಸೆಲೆಕ್ಟರ್ ಆರ್ಮಿನ ತೂತನ್ನು ಆರ್ಮ್ ತಿರುಗುವ ಶಾಫ್ಟಿಗೆ ಹತ್ತಿರ ಮಾಡಿ, ಅಷ್ಟೇ ಓಟಕ್ಕೆ ಆರ್ಮ್ ಜಾಸ್ತಿ ತಿರುಗುತ್ತದೆ. ಎರಡರಲ್ಲೂ ಲಿವರ್ ಸ್ವಲ್ಪ ಗಟ್ಟಿಯಾಗುತ್ತದೆ, ಅದಕ್ಕೆ ಒಪ್ಪಿಕೊಳ್ಳಬೇಕು. ಆರ್ಮ್ ನಡು ಓಟದಲ್ಲಿದ್ದಾಗ ರಾಡ್ ಅದಕ್ಕೆ ಹತ್ತಿರಹತ್ತಿರ 90 ಡಿಗ್ರಿಯಲ್ಲಿರಬೇಕು. ಓರೆ ಜಾಸ್ತಿ ಆದರೆ ಅರ್ಧ ಓಟ ಅಲ್ಲೇ ಹಾಳು.

ಲಿವರ್ ಫ್ಲೋರಿಗೆ ತಾಗಿ ನಿಲ್ಲುತ್ತಿದ್ದರೆ ಫ್ಲೋರಿನ ತೂತು ಹಿಗ್ಗಿಸಿ ಅಥವಾ ಲಿವರ್ ಬಗ್ಗಿಸಿ. ರಾಡನ್ನು ಬಲಿ ಕೊಡಬೇಡಿ.

ನಮ್ಮ ಜೀಪಿನ ನಿಜವಾದ ತೊಂದರೆ ಸಿಕ್ಕಿದ್ದು ಇದಾದ ಮೇಲೆ. ನಿಂತಲ್ಲಿ ಎಲ್ಲ ಸರಿ, ಏರಿನಲ್ಲಿ ಮಾತ್ರ ಬಿಡುತ್ತಿತ್ತು. ಲಿವರಿನ ಪಿವಟ್ ಬ್ರಾಕೆಟ್ಟನ್ನು ಬಾಡಿಗೆ ಬೋಲ್ಟ್ ಮಾಡಿದ್ದರು. ಎಂಜಿನ್ನು, ಗೇರ್‌ಬಾಕ್ಸು, ಕೇಸು ರಬ್ಬರ್ ಮೌಂಟಿನ ಮೇಲೆ ಒಟ್ಟಿಗೆ ಅಲುಗಾಡುತ್ತವೆ, ಬಾಡಿ ಅಲುಗಾಡುವುದಿಲ್ಲ. ಲೋನಲ್ಲಿ ಎಂಜಿನ್ ಜೋರಾಗಿ ಎಳೆದಾಗ ಕೇಸ್ ತಿರುಚುತ್ತದೆ, ಬಾಡಿಗೆ ಕಟ್ಟಿದ ಲಿವರ್ ಕೇಸಿನ ಜೊತೆ ಹೋಗದೆ ಆರ್ಮನ್ನು ಹಿಡಿದು ಎಳೆಯುತ್ತದೆ. ಲೇತಿನಲ್ಲೇ ಹೊಸ ಬ್ರಾಕೆಟ್ ಮಾಡಿಸಿ ಪಿವಟನ್ನು ಗೇರ್‌ಬಾಕ್ಸಿನ ಬೋಲ್ಟಿಗೇ ಕೊಟ್ಟೆವು. ಅಲ್ಲಿಗೆ ಬಿಟ್ಟುಕೊಳ್ಳುವುದು ನಿಂತಿತು. ನಿಮ್ಮದರಲ್ಲಿ ನೋಡಬೇಕಾದರೆ ಫೋರ್ ಲೋ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ, ಕ್ಲಚ್ ತುಸುವೇ ಬಿಟ್ಟು, ಪಕ್ಕದಲ್ಲಿ ಕೂತವರಿಗೆ ಲಿವರ್ ಕುಣಿಯುತ್ತದಾ ನೋಡಲು ಹೇಳಿ. ಆಗ ಗಾಡಿಯ ಕೆಳಗೆ, ಮುಂದೆ, ಹಿಂದೆ ಯಾರೂ ಇರಬಾರದು. ಮೌಂಟಿನ ರಬ್ಬರ್ ಹಳತಾಗಿದ್ದರೆ ಈ ಜೊತೆಗೇ ಬದಲಿಸಿ.

ಓಡಿಸಿ ನೋಡುವುದನ್ನು ಒಣ ಟಾರ್ ರಸ್ತೆಯಲ್ಲಿ ಮಾಡಬೇಡಿ. ಸೆಂಟರ್ ಡಿಫರೆನ್ಶಿಯಲ್ (ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್) ಇಲ್ಲದ ಗಾಡಿ ಅಲ್ಲಿ ಬಿಗಿದುಕೊಳ್ಳುತ್ತದೆ, ತಿರುವಿನಲ್ಲಿ ಶಾಫ್ಟಿಗೂ ಕೇಸಿಗೂ ಹೊಡೆತ. ತೋಟದ ಮಣ್ಣು ದಾರಿ ಒಳ್ಳೆಯದು. ಲೋಗೆ ಹಾಕುವುದು ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿಯೇ. ಹಾಗೆಯೇ ಕೇಸ್ ಹಿಂದೆ ಸರಿದಿದ್ದರೆ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಉದ್ದ ಆಗಿ ಒತ್ತುತ್ತಿರುತ್ತದೆ, ಮುಂದಿನದು ಗಿಡ್ಡ ಆಗಿರುತ್ತದೆ, ಎರಡನ್ನೂ ಅಳೆಸಿ.

ಕೊನೆಗೆ ಲಾಕ್ ನಟ್ ಬಿಗಿಮಾಡಿ, ಹೊಸ ಸ್ಪ್ಲಿಟ್ ಪಿನ್ ಹಾಕಿ, ಬುಶ್‌ಗಳಿಗೆ ಗ್ರೀಸ್ ತುಂಬಿ. ಫ್ಲೋರಿನ ತೂತಿಗೆ ರಬ್ಬರ್ ಬೂಟ್ ಹಾಕದೆ ಬಿಡಬೇಡಿ, ನಮ್ಮ ಕಡೆಯ ಜೂನ್ ಮಳೆಯಲ್ಲಿ ಕೆಸರು ನೀರು ನೇರ ಕಾಲಬುಡಕ್ಕೆ ಬರುತ್ತದೆ.