ಹೋಂಡಾ ಸಿಟಿಗೆ 16 ಇಂಚಿನ ಅಲಾಯ್: ಟೈರ್ ಉಜ್ಜದ ಹಾಗೆ ಕೂರಿಸಿದ್ದು

ನನ್ನದು 2014ರ ಹೋಂಡಾ ಸಿಟಿ. ಕಂಪನಿಯಿಂದ ಬಂದ ಟೈರ್ 175/65 ಆರ್ 15. ಗಾಡಿಯ ಮೈಕಟ್ಟಿಗೆ ಆ ಟೈರ್ ಸಣಕಲು ಅಂತ ನನಗೆ ಮೊದಲಿನಿಂದಲೂ ಅನಿಸುತ್ತಿತ್ತು. ಟೈರ್ ಸವೆದು ಬದಲಾಯಿಸುವ ಹೊತ್ತು ಬಂತು. ಹೇಗೂ ದುಡ್ಡು ಹಾಕ್ತೀನಿ, 16 ಇಂಚಿನ ಅಲಾಯ್ ಹಾಕಿಸಿಬಿಡೋಣ ಎಂದು ಮೈಸೂರಿನಿಂದ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ.

ಒಂದು ಅಂಗಡಿಯಲ್ಲಿ 7 ಇಂಚು ಅಗಲದ, ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತೆ ಅನ್ನೋ ಅಂಕಿ) 35 ಇರುವ ಅಲಾಯ್ ತೋರಿಸಿದರು. ಅದಕ್ಕೆ 205/55 ಆರ್ 16 ಟೈರ್. "ಉಜ್ಜಲ್ವಾ?" ಎಂದು ಕೇಳಿದೆ. "ಏನೂ ಆಗಲ್ಲ ಸಾರ್, ಎಲ್ಲರೂ ಇದನ್ನೇ ಹಾಕಿಸ್ತಾರೆ" ಅಂದರು. ಹಾಕಿಸಿಕೊಂಡೆ. ಒಬ್ಬನೇ ಮೈಸೂರಿಗೆ ವಾಪಸ್ ಬಂದೆ, ಒಂದು ಸದ್ದೂ ಇಲ್ಲ. ನೋಡೋಕೂ ಚೆನ್ನಾಗಿತ್ತು.

ಮುಂದಿನ ವಾರ ಸುಳ್ಯದಲ್ಲಿ ನೆಂಟರ ಮನೆ ಗೃಹಪ್ರವೇಶ. ಹಿಂದೆ ಅಪ್ಪ, ಅಮ್ಮ, ಮಗಳು. ಡಿಕ್ಕಿ ತುಂಬಾ ಸಾಮಾನು. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ಅಪ್ಪ ಹಿಂದಿನಿಂದ "ಮಗಾ, ಏನೋ ಕೆರೀತಾ ಇದೆ ನೋಡು" ಅಂದರು. ತಿರುವಿನಲ್ಲಿ ಗುಂಡಿ ಸಿಕ್ಕಾಗಲೆಲ್ಲ ಕರ್ ಅನ್ನೋ ಸದ್ದು. ನಿಲ್ಲಿಸಿ ಇಳಿದು ನೋಡಿದೆ. ಬಲಗಡೆ ಹಿಂದಿನ ಟೈರ್‌ನ ಭುಜದಲ್ಲಿ, ಅಂದರೆ ರಸ್ತೆಗೆ ತಾಗುವ ಭಾಗ ಪಕ್ಕದ ಗೋಡೆಗೆ ಸೇರುವ ಅಂಚಿನಲ್ಲಿ, ಬೆರಳಗಲ ಪಟ್ಟಿ ನುಣ್ಣಗೆ ಹೊಳೆಯುತ್ತಿತ್ತು, ಉಜ್ಜುಕಾಗದ ತಿಕ್ಕಿದ ಹಾಗೆ. ಫೆಂಡರ್‌ನ (ಚಕ್ರದ ಮೇಲಿನ ತಗಡಿನ) ಒಳ ಅಂಚಿನಲ್ಲಿ ಬಣ್ಣ ಹೋಗಿ ರಬ್ಬರಿನ ಕರಿ ಪುಡಿ ಮೆತ್ತಿಕೊಂಡಿತ್ತು. ಕಾದ ರಬ್ಬರಿನ ವಾಸನೆ ಬೇರೆ. ಹೀಗೇ ಉಜ್ಜುತ್ತಾ ಹೋದರೆ ಒಳಗಿನ ನೂಲು ಕಾಣುತ್ತೆ, ಆಮೇಲೆ ಟೈರ್ ಸಿಡಿಯುತ್ತೆ. ಅದೂ ಘಾಟಿಯಲ್ಲಿ, ಮನೆಯವರನ್ನೆಲ್ಲ ಕೂರಿಸಿಕೊಂಡು. ವಾಪಸ್ ಬರುವಾಗ ಎಲ್ಲರನ್ನೂ ಬಸ್ಸು ಹತ್ತಿಸಿ ನಾನು ಖಾಲಿ ಗಾಡಿ ತಂದೆ. ಆ ಹೊತ್ತು ಅಮ್ಮ ಬ್ಯಾಗು ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಅಂಗಡಿಗೆ ಫೋನ್ ಮಾಡಿದರೆ ಎರಡು ದಾರಿ ಹೇಳಿದರು. ಫೆಂಡರ್ ಅಂಚು ಮಡಚೋದು, ಮುಂದೆ ತಾಗಿದರೆ ಪ್ಲಾಸ್ಟಿಕ್ ಲೈನರ್ ಕತ್ತರಿಸೋದು. ಎರಡಕ್ಕೂ ನಾನು ಒಪ್ಪಲಿಲ್ಲ. ಅಂಚು ಮಡಚಿದರೆ ಬಣ್ಣ ಬಿರುಕು ಬಿಡಬಹುದು, ನಮ್ಮ ಮಳೆಗೆ ಅಲ್ಲಿಂದಲೇ ತುಕ್ಕು ಶುರು. ಲೈನರ್ ಇರೋದೇ ಕಲ್ಲು, ಕೆಸರು ಒಳಗೆ ಹೋಗದಿರಲಿ ಅಂತ. ತಪ್ಪು ಅಳತೆಯ ಚಕ್ರ ಕೂರಿಸೋಕೆ ಗಾಡಿಯನ್ನೇ ಯಾಕೆ ಕತ್ತರಿಸಬೇಕು, ಅಲ್ವಾ?

ಆಮೇಲೆ ಕೂತು ಲೆಕ್ಕ ಹಾಕಿದೆ. ಇದನ್ನು ದುಡ್ಡು ಕೊಡುವ ಮುಂಚೆ ಮಾಡಬೇಕಿತ್ತು.

ಮೊದಲು ಟೈರ್‌ನ ಒಟ್ಟು ಎತ್ತರ. 175/65 ಆರ್ 15 ಅಂದರೆ ಅಗಲ 175 ಮಿ.ಮೀ., ಪಕ್ಕದ ಗೋಡೆ ಅದರ ಶೇ. 65, ಅಂದರೆ ಸುಮಾರು 114. ಮೇಲೆ ಕೆಳಗೆ ಎರಡು ಗೋಡೆ, ನಡುವೆ 15 ಇಂಚಿನ ರಿಮ್ 381. ಒಟ್ಟು 608.5 ಮಿ.ಮೀ. ನಾನು ಹಾಕಿಸಿದ 205/55 ಆರ್ 16ರದ್ದು ಸುಮಾರು 632. ಹೆಚ್ಚುಕಮ್ಮಿ ಶೇ. 4ರಷ್ಟು ಜಾಸ್ತಿ. ಸ್ಪೀಡೋಮೀಟರ್ ಅದೇ ಅಂಕಿ ತೋರಿಸುವಾಗ ಗಾಡಿ ಮೊದಲಿಗಿಂತ ಅಷ್ಟೇ ಜಾಸ್ತಿ ವೇಗದಲ್ಲಿ ಓಡುತ್ತಿರುತ್ತದೆ.

ಎರಡನೆಯದು ಆಫ್‌ಸೆಟ್. ರಿಮ್‌ನ ಅಗಲಕ್ಕೆ ಸರಿಯಾಗಿ ನಡುವೆ ಒಂದು ಗೆರೆ ಎಳೆದುಕೊಳ್ಳಿ. ಹಬ್‌ಗೆ (ಚಕ್ರವನ್ನು ಬಿಗಿಯುವ ಗಾಡಿಯ ನಡುಭಾಗಕ್ಕೆ) ತಾಗಿ ಕೂರುವ ರಿಮ್‌ನ ಮುಖ ಆ ಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆಯೋ ಅದೇ ಆಫ್‌ಸೆಟ್. ಈ ಅಂಕಿ ಕಮ್ಮಿಯಾದಷ್ಟೂ ಚಕ್ರ ಹೊರಗೆ ಬರುತ್ತೆ. ನನ್ನ ಹಳೆಯ ಚಕ್ರದ್ದು 45, ಹೊಸದ್ದು 35. ಅಲ್ಲಿಗೆ 10 ಮಿ.ಮೀ. ಹೊರಗೆ. ಟೈರ್ ಅಗಲ 30 ಜಾಸ್ತಿ, ಅದರಲ್ಲಿ ಅರ್ಧ 15 ಹೊರಗಡೆಗೆ. ಒಟ್ಟು 25 ಮಿ.ಮೀ. ಭುಜ ಹೊರಗೆ ಬಂದಿತ್ತು.

ಅಷ್ಟು ಜಾಗ ಎಲ್ಲಿದೆ? ಅದನ್ನೂ ಅಳೆದೆ. ಗಾರೆ ಕೆಲಸದವರ ತೂಗುಗುಂಡಿನ ಹಾಗೆ ದಾರಕ್ಕೆ ಒಂದು ನಟ್ಟು ಕಟ್ಟಿ, ಫೆಂಡರ್ ಅಂಚಿಗೆ ಟೇಪ್ ಅಂಟಿಸಿ ಇಳಿಬಿಟ್ಟೆ. ಹಳೆಯ ಚಕ್ರ ಹಾಕಿ ದಾರದಿಂದ ಟೈರ್‌ನ ಭುಜಕ್ಕೆ ಅಳೆದರೆ ಹಿಂದೆ 22 ಮಿ.ಮೀ. ಇತ್ತು. 25 ಹೊರಗೆ ತಂದರೆ ಅಂಚಿಗಿಂತ 3 ಮಿ.ಮೀ. ಆಚೆ. ಉಜ್ಜದೆ ಇನ್ನೇನು! ಆ ಸೆಟ್ಟನ್ನು ಅರ್ಧ ಬೆಲೆಗೆ ಮಾರಿದೆ.

ಎರಡನೇ ಸಲ ಟೈರ್‌ನಿಂದ ಶುರು ಮಾಡಿದೆ. 185/55 ಆರ್ 16 ಲೆಕ್ಕ ಹಾಕಿದರೆ 610 ಮಿ.ಮೀ. ಹಳೆಯದಕ್ಕೂ ಇದಕ್ಕೂ ಒಂದೂವರೆ ಮಿ.ಮೀ. ವ್ಯತ್ಯಾಸ ಅಷ್ಟೇ. ಇದೇ ಗಾಡಿಯ ರೂಪ ತಿದ್ದಿ ಬಂದ 2017ರ ಫೇಸ್‌ಲಿಫ್ಟ್‌ನಲ್ಲಿ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಈ ಅಳತೆ ಕೊಟ್ಟಿದೆ, ಹಾಗಾಗಿ ಭಾರ ಹೊರುವ ಅಂಕಿಯ ಬಗ್ಗೆಯೂ ಧೈರ್ಯ ಬಂತು. ಅಲಾಯ್ 6.5 ಇಂಚು ಅಗಲ, ಆಫ್‌ಸೆಟ್ 42. ಹೊರಗಡೆಗೆ 3 ಕೂಡಿಸು 5, ಒಟ್ಟು 8 ಮಿ.ಮೀ. ಒಳಗಡೆಗೆ 2 ಮಾತ್ರ. ದಾರದಿಂದ ಇನ್ನೂ 14 ಮಿ.ಮೀ. ಉಳಿಯುತ್ತೆ. 185ರ ಟೈರ್‌ಗೆ ಇಷ್ಟೇ ರಿಮ್ ಅಗಲ, ಇದಕ್ಕಿಂತ ಅಗಲ ಬೇಡ.

ಕೂರಿಸುವಾಗ ಪಕ್ಕದಲ್ಲೇ ನಿಂತಿದ್ದೆ. ಹಬ್‌ನ ವ್ಯಾಸದಲ್ಲೂ ಒಂದು ವಿಷಯ ಇದೆ. ಸಿಟಿಯ ಹಬ್ 56.1 ಮಿ.ಮೀ., ಹೊರಗಿನ (ಕಂಪನಿಯದಲ್ಲದ) ಅಲಾಯ್‌ಗಳ ನಡುವಿನ ತೂತು ಸಾಮಾನ್ಯವಾಗಿ 73.1. ನಡುವಿನ ಸಂದು ತುಂಬುವ ಹಬ್ ರಿಂಗ್ ಹಾಕದಿದ್ದರೆ ಚಕ್ರ ಸರಿಯಾಗಿ ನಡುವೆ ಕೂರದೆ ಹೈವೇ ವೇಗದಲ್ಲಿ ಸ್ಟೇರಿಂಗ್ ನಡುಗಬಹುದು. ಇನ್ನೊಂದು ವಿಷಯ ನಟ್ಟಿನದು. ಹೋಂಡಾದ ನಟ್ಟಿನ ಕೂರುವ ಜಾಗ ಗುಂಡಗೆ ಇರುತ್ತದೆ, ಹೊರಗಿನ ಅಲಾಯ್‌ಗೆ ಬೇಕಾಗಿದ್ದು ಬಹುಪಾಲು ಚೂಪು ಶಂಕುವಿನಂಥದ್ದು. ಮೊದಲ ಅಂಗಡಿಯಲ್ಲಿ ಹಳೆಯ ನಟ್ಟನ್ನೇ ಹಾಕಿದ್ದರು. ಬಿಚ್ಚಿದಾಗ ಅಲಾಯ್‌ನ ತೂತಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ಮಾತ್ರ ತಾಗಿದ ಗುರುತು. ಇಡೀ ಚಕ್ರ ಆ ಗೆರೆಯ ಮೇಲೆ ನಿಂತಿತ್ತು! ಉಜ್ಜೋದಕ್ಕಿಂತ ನನ್ನನ್ನು ಜಾಸ್ತಿ ಹೆದರಿಸಿದ್ದು ಇದೇ. ಈ ಸಲ ಶಂಕುವಿನ ನಟ್ಟು ತರಿಸಿ, ಟಾರ್ಕ್ ವ್ರೆಂಚ್‌ನಲ್ಲಿ 108 ನ್ಯೂಟನ್ ಮೀಟರ್‌ಗೆ ಬಿಗಿದು, ನೂರು ಕಿ.ಮೀ. ಓಡಿಸಿ ಮತ್ತೆ ನೋಡಿದೆ.

ಪರೀಕ್ಷೆ ಖಾಲಿ ಗಾಡಿಯಲ್ಲಿ ಮಾಡಿದರೆ ಪ್ರಯೋಜನ ಇಲ್ಲ. ಹಿಂದೆ ಮೂವರನ್ನು ಕೂರಿಸಿ, ಡಿಕ್ಕಿಯಲ್ಲಿ 25 ಕೆ.ಜಿ.ಯ ಎರಡು ಅಕ್ಕಿ ಮೂಟೆ ಇಟ್ಟೆ. ನಾಲ್ಕೂ ಫೆಂಡರ್‌ನ ಒಳ ಅಂಚಿಗೆ, ಲೈನರ್‌ಗೆ ಸೀಮೆಸುಣ್ಣ ದಪ್ಪಗೆ ಬಳಿದೆ. ಬಡಾವಣೆಯ ಹಂಪ್‌ಗಳ ಮೇಲೆ ಓಡಿಸಿದೆ. ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಮುಂದೆ ಒಂದು ಸಲ, ರಿವರ್ಸ್‌ನಲ್ಲಿ ಒಂದು ಸಲ. ಟೈರ್ ತಾಗಿದ ಕಡೆ ಸುಣ್ಣ ಅಳಿಸಿರುತ್ತೆ. ಟಾರ್ಚ್ ಹಿಡಿದು ನೋಡಿದೆ. ಎಲ್ಲೂ ಅಳಿಸಿರಲಿಲ್ಲ. ಹತ್ತು ದಿನ ಬಿಟ್ಟು ಮನೆಯವರೆಲ್ಲ ಸೇರಿ ಅದೇ ಸಂಪಾಜೆ ಘಾಟಿ ಇಳಿದೆವು. ಈ ಸಲ ಅಪ್ಪ ನಿದ್ದೆ ಮಾಡಿಬಿಟ್ಟಿದ್ದರು.

ಟೈರ್‌ನ ಗೋಡೆ 12 ಮಿ.ಮೀ. ಕಮ್ಮಿಯಾಗಿದೆ, ಗುಂಡಿಯ ಏಟು ಮೊದಲಿಗಿಂತ ಗೊತ್ತಾಗುತ್ತೆ. ಹಾಗಾಗಿ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ತಪ್ಪದೆ ನೋಡಿಸುತ್ತೇನೆ. ಸ್ಟೆಪ್ನಿ ಹಳೆಯ 15 ಇಂಚಿನದ್ದೇ. ಎತ್ತರ ಹೊಂದುತ್ತೆ, ಆದರೆ ಅದಕ್ಕೆ ಗುಂಡು ನಟ್ಟೇ ಬೇಕು. ಹಳೆಯ ನಾಲ್ಕು ನಟ್ಟನ್ನು ಬಟ್ಟೆಯಲ್ಲಿ ಸುತ್ತಿ ಜಾಕ್ ಪಕ್ಕದಲ್ಲೇ ಇಟ್ಟಿದ್ದೇನೆ.