ಲೆದರ್ ಜಾಕೆಟ್, ಗ್ಲೌಸ್ ನೀರಲ್ಲಿ ತೊಳೆದೆ: ನನ್ನ ಅನುಭವ

ಲೆದರ್‌ಗೆ ನೀರು ಮುಟ್ಟಿಸಬಾರದು ಅಂತ ಎಲ್ಲರೂ ಹೇಳಿದರು. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸೀಟ್ ಕವರ್ ಹೊಲಿಯುವವರು, "ನೀರು ಹಾಕಿದ್ರೆ ಮುಗೀತು ಸಾರ್, ಆಮೇಲೆ ನನ್ನ ಹತ್ರ ತರಬೇಡಿ" ಅಂದರು. ಭಾನುವಾರ ಬೈಕಿನಲ್ಲಿ ನಂದಿ ಬೆಟ್ಟಕ್ಕೆ ಜೊತೆಗೆ ಬರುವ ಗೆಳೆಯರೂ ಅದನ್ನೇ ಹೇಳಿದರು. ಆದರೂ ತೊಳೆದೆ. ಈಗ ಮೂರು ಮಳೆಗಾಲ ಕಳೆದಿದೆ. ಜಾಕೆಟ್ ಮೇಲೆ ಒಂದು ಚುಕ್ಕೆ ಬೂಷ್ಟಿಲ್ಲ. ಗ್ಲೌಸ್‌ನ ಬೆರಳುಗಳು ಹೊಸದರಷ್ಟೇ ಮೆತ್ತಗಿವೆ.

ಶುರುವಾಗಿದ್ದು ಬೂಷ್ಟಿನಿಂದಲೇ. ಸುಮಾರು 13 ಸಾವಿರ ಕೊಟ್ಟು ತಗೊಂಡ ಎಮ್ಮೆ ತೊಗಲಿನ ಜಾಕೆಟ್. ಜೂನ್‌ನಲ್ಲಿ ಬೀರುವಿನಲ್ಲಿಟ್ಟಿದ್ದೆ. ಸೆಪ್ಟೆಂಬರ್‌ನಲ್ಲಿ ತೆಗೆದರೆ ಕಾಲರ್, ಕಂಕುಳು ಎಲ್ಲ ಬೆಳ್ಳಗೆ. ಡ್ರೈ ಕ್ಲೀನಿಂಗ್‌ಗೆ ಕೊಟ್ಟೆ, 900 ರೂಪಾಯಿ ಆಯಿತು. ಬೂಷ್ಟು ಹೋಗಿತ್ತು, ಅದರ ಜೊತೆಗೆ ತೊಗಲಿನೊಳಗಿನ ಎಣ್ಣೆಯೂ ಹೋಗಿತ್ತು. ಮೊಣಕೈ ಹತ್ತಿರ ಬಣ್ಣ ಮಾಸಿ, ಮಡಚಿದರೆ ಕರಕರ ಅನ್ನುತ್ತಿತ್ತು. ಬಣ್ಣ ಹಾಕಿಸಲು ಮತ್ತೆ 1,500. ಮುಂದಿನ ಮಳೆಗಾಲಕ್ಕೆ ಅದೇ ಕಾಲರ್, ಅದೇ ಕಂಕುಳು, ಮತ್ತೆ ಬೂಷ್ಟು.

ಅದೇ ಜಾಗದಲ್ಲಿ ಯಾಕೆ ಬರುತ್ತದೆ ಅಂತ ತಲೆ ಕೆಡಿಸಿಕೊಂಡೆ. ಅಲ್ಲೇ ಅಲ್ವಾ ಬೆವರು ಕುಡಿಯುವುದು? ಡ್ರೈ ಕ್ಲೀನಿಂಗ್ ಸಾಲ್ವೆಂಟ್‌ಗೆ ಜಿಡ್ಡು ಕರಗುತ್ತದೆ, ಉಪ್ಪು ಕರಗುವುದಿಲ್ಲ. ಒಳಗೇ ಉಳಿದ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಉಪ್ಪು ತೆಗೆಯಬೇಕಾದರೆ ನೀರೇ ಬೇಕು. ಇಷ್ಟು ಅರ್ಥವಾದ ಮೇಲೆ ಯಾರು ಏನು ಹೇಳಿದರೂ ನಾನು ಕೇಳಲಿಲ್ಲ.

ಆದರೆ ಮೊದಲ ಸಲ ಪೂರ್ತಿ ಕೆಟ್ಟಿತು. 2,800 ರೂಪಾಯಿಯ ಗ್ಲೌಸ್. ಬಿಸಿ ನೀರು, ಬಟ್ಟೆ ಸೋಪು, ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ಒಣಗಿಸಿದೆ. ಸಂಜೆ ನೋಡಿದರೆ ಹಪ್ಪಳ. ಕಿರುಬೆರಳು ಒಳಗೆ ಹೋಗಲೇ ಇಲ್ಲ. ಲೆದರ್ ಸ್ವಲ್ಪ ಹುಳಿ ಸ್ವಭಾವದ್ದು, ಬಟ್ಟೆ ಸೋಪಿನ ಕ್ಷಾರ ಅದಕ್ಕೆ ಆಗುವುದಿಲ್ಲ. ಬಿಸಿಲಂತೂ ಬೇಡವೇ ಬೇಡ. ಎರಡನೇ ಜೊತೆಗೆ ಮಕ್ಕಳ ಶಾಂಪೂ ಹಾಕಿ ನೆರಳಲ್ಲೇ ಒಣಗಿಸಿದೆ. ಆದರೆ ಬೆರಳೊಳಗೆ ನ್ಯೂಸ್ ಪೇಪರ್ ತುರುಕಿದ್ದೆ, ಇಂಕೆಲ್ಲ ಲೈನಿಂಗ್‌ಗೆ ಇಳಿಯಿತು. ಅದನ್ನು ಹಾಕಿಕೊಂಡರೆ ಇವತ್ತಿಗೂ ಉಗುರು ಕಪ್ಪಾಗುತ್ತದೆ.

ಮೂರನೇ ಸಲ ಕೈಗೂಡಿತು. ಗ್ಲೌಸ್ ಕೈಗೆ ಹಾಕಿಕೊಂಡೇ ತೊಳೆಯುತ್ತೇನೆ, ಕೈ ತೊಳೆದ ಹಾಗೆ. ಉಗುರುಬೆಚ್ಚಗಿನ ನೀರು, ಎರಡು ಹನಿ ಶಾಂಪೂ. ಮೊದಲ ನೀರು ಚಹಾ ಬಣ್ಣ ಬರುತ್ತದೆ. ನಾಲ್ಕೈದು ನೀರು ಆಗುವವರೆಗೆ ಬಿಡಬೇಡಿ, ಸೋಪು ಉಳಿದರೆ ಮಾಡಿದ್ದೆಲ್ಲ ದಂಡ. ಹಿಂಡಬಾರದು, ಟವೆಲ್‌ನಲ್ಲಿ ಸುತ್ತಿ ಒತ್ತಬೇಕು. ಪ್ರತಿ ಬೆರಳಿಗೆ ಬಿಳಿ ಹತ್ತಿ ಬಟ್ಟೆ ಸುರುಳಿ ಮಾಡಿ ಇಟ್ಟು, ಫ್ಯಾನ್ ಗಾಳಿಗೆ ಎರಡು ಮೂರು ದಿನ. ಅರ್ಧ ಒಣಗಿದಾಗ ಒಂದು ಹತ್ತು ನಿಮಿಷ ಹಾಕಿಕೊಂಡು ಮುಷ್ಟಿ ಹಿಡಿದು ಬಿಡಿ, ಹಿಡಿದು ಬಿಡಿ. ಗ್ಲೌಸ್ ನಿಮ್ಮ ಕೈಯ ಅಳತೆಗೇ ಕೂರುತ್ತದೆ. ಎಣ್ಣೆ ಹಚ್ಚುವುದೂ ಇನ್ನೂ ಸ್ವಲ್ಪ ತೇವ ಇರುವಾಗಲೇ. ಎಷ್ಟು ತೇವ ಅನ್ನುವುದು ಬೆರಳಿಗೆ ಗೊತ್ತಾಗಬೇಕು. ನನಗೆ ಗೊತ್ತಾಗಲು ಏಳೆಂಟು ಜೊತೆ ಬೇಕಾಯಿತು.

ಜಾಕೆಟ್ಟೂ ಹೀಗೇ. ಪ್ಯಾಡ್ ಎಲ್ಲ ತೆಗೆದು, ದೊಡ್ಡ ಟಬ್‌ನಲ್ಲಿ ಸ್ಪಂಜಿನಿಂದ. ಒದ್ದೆಯಾದಾಗ ಸಿಕ್ಕಾಪಟ್ಟೆ ತೂಕ, ಭುಜ ಹಿಡಿದು ಎತ್ತಬೇಡಿ, ಜಗ್ಗುತ್ತದೆ. ಒಂದು ಸಲ ಜುಲೈನಲ್ಲಿ ತೊಳೆದಿದ್ದೆ. ಐದು ದಿನವಾದರೂ ಒಣಗದೆ ಲೈನಿಂಗ್ ನಾರಲು ಶುರುವಾಯಿತು. ಬೆಂಗಳೂರಲ್ಲಿ ಇದಕ್ಕೆ ಫೆಬ್ರವರಿ, ಮಾರ್ಚ್ ಸರಿ. ಗಾಳಿ ಒಣಗಿರುತ್ತದೆ, ಬಿಸಿಲು ಮನೆಯೊಳಗೆ ಬರದಿದ್ದರೂ ಮೂರೇ ದಿನಕ್ಕೆ ಮುಗಿಯುತ್ತದೆ.

ಎಣ್ಣೆ ವಿಷಯಕ್ಕೆ ಬಂದರೆ, ಮಾಡದ ಪ್ರಯೋಗ ಇಲ್ಲ. ತೆಂಗಿನೆಣ್ಣೆ ಹಚ್ಚಿದೆ. ಡಿಸೆಂಬರ್ ಬೆಳಿಗ್ಗೆ ಹೊಲಿಗೆ ಸಾಲಿನಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿ ನಿಂತಿತ್ತು. ಬೂಷ್ಟು ಅಂದುಕೊಂಡು ಹೆದರಿ ಸ್ಪಿರಿಟ್ ಹಾಕಿ ಒರೆಸಿ, ಬಣ್ಣವನ್ನೂ ಒರೆಸಿಬಿಟ್ಟೆ. ಅಗಸೆ ಎಣ್ಣೆ ಒಣಗಿ ಬಿರುಸಾಯಿತು. ನಮ್ಮ ಕಡೆ ಹಿಂದೆ ತೊಗಲಿಗೆ ಹೊಂಗೆ ಎಣ್ಣೆ ಹಚ್ಚುತ್ತಿದ್ದರು ಅಂತ ಕೇಳಿ ಅದನ್ನೂ ತಂದೆ. ಮೆತ್ತಗೇನೋ ಆಯಿತು. ಆದರೆ ಬಣ್ಣ ಕಪ್ಪಾಯಿತು, ವಾಸನೆ ವಾರಗಟ್ಟಲೆ ಹೋಗಲಿಲ್ಲ. "ನಮ್ಮಜ್ಜಿ ಮನೇಲಿ ದೀಪಕ್ಕೆ ಹಾಕ್ತಿದ್ದ ಎಣ್ಣೆ ಇದು, ಜಾಕೆಟ್ ಆಚೆ ಇಡೋ" ಅಂದರು ಅಮ್ಮ. ನನ್ನ ಹಳೇ ಬೂಟಿಗೆ ಮಾತ್ರ ಈಗಲೂ ಅದನ್ನೇ ಹಚ್ಚುತ್ತೇನೆ, ಮಳೆಗೆ ತುಂಬಾ ಚೆನ್ನಾಗಿ ತಡೆಯುತ್ತದೆ.

ಕೊನೆಗೆ ನಿಂತಿದ್ದು ಹರಳೆಣ್ಣೆ ಮತ್ತು ಜೇನುಮೇಣ. ಎರಡೂ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತವೆ. ಬಿಸಿ ನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕರಗಿಸಿ. ಮೇಣ 62–64 ಡಿಗ್ರಿಗೇ ಕರಗುತ್ತದೆ, ನೇರ ಉರಿಗೆ ಇಡಬೇಡಿ. ಮೂರು ಪಾಲು ಎಣ್ಣೆಗೆ ಒಂದು ಪಾಲು ಮೇಣದ ಆಸುಪಾಸು. ಸರಿಯಾದ ಅಳತೆ ನನ್ನ ಹತ್ತಿರವೇ ಇರಲಿ. ವಾಸನೆಗೆ, ಹುಳಕ್ಕೆ ಇನ್ನೊಂದು ವಸ್ತು ಹಾಕುತ್ತೇನೆ, ಅದನ್ನೂ ಹೇಳುವುದಿಲ್ಲ. ಇಷ್ಟು ದುಡ್ಡು ಕಳೆದುಕೊಂಡು ಕಂಡುಕೊಂಡಿದ್ದು. ಕಡಲೆ ಗಾತ್ರದಷ್ಟು ತಗೊಂಡರೆ ಒಂದು ಗ್ಲೌಸ್‌ಗೆ ಸಾಕು. ಜಾಸ್ತಿ ಹಚ್ಚಿದರೆ ಧೂಳು ಮೆತ್ತುತ್ತದೆ.

ಒಂದು ಮಾತು ಮರೆಯಬೇಡಿ. ಗ್ಲೌಸ್‌ನ ಅಂಗೈ ಭಾಗಕ್ಕೆ ಈ ಮೇಣದ ಮಿಶ್ರಣ ಹಚ್ಚಲೇಬೇಡಿ. ನಾನು ಹಚ್ಚಿದ್ದೆ. ನಂದಿ ಇಳಿಯುವಾಗ ಸಣ್ಣ ಮಳೆ ಬಂತು, ಥ್ರಾಟಲ್ ಮೇಲೆ ಕೈ ಜಾರಿತು. ತಿರುವಿಗೆ ಇನ್ನೂ ದೂರ ಇತ್ತು, ಉಳಿದುಕೊಂಡೆ. ಅವತ್ತಿನಿಂದ ಅಂಗೈಗೆ ಬರೀ ಹರಳೆಣ್ಣೆ, ಅದೂ ಒರೆಸಿ ಒರೆಸಿ ಒಣಗಿದ ಹಾಗೆ ಆಗುವವರೆಗೆ.

ಕಲಿಯುವುದಕ್ಕೆ ಒಟ್ಟು ಹತ್ತು ಸಾವಿರದ ಹತ್ತಿರ ಹೋಗಿರಬಹುದು. ಅದರಲ್ಲಿ ಕೈಯಗಲದ ಒಂದು ಫಾರಿನ್ ಕ್ರೀಮ್ ಡಬ್ಬಿಗೇ 1,100. ಈಗ ಒಂದು ಜಾಕೆಟ್‌ಗೆ ಸಾಮಾನಿನ ಖರ್ಚು 80 ರೂಪಾಯಿ ದಾಟುವುದಿಲ್ಲ. ಗೆಳೆಯರ ಗೆಳೆಯರೂ ತಂದು ಕೊಡುತ್ತಿದ್ದಾರೆ. ಗ್ಲೌಸ್‌ಗೆ 200, ಜಾಕೆಟ್‌ಗೆ 600 ತಗೊಳ್ಳುತ್ತೇನೆ. ಮೂವತ್ತು ಜಾಕೆಟ್, ಅರವತ್ತು ಜೊತೆ ಗ್ಲೌಸ್ ಆಗಿರಬಹುದು. ವಾಪಸ್ ಬಂದಿದ್ದು ಎರಡೇ. ಎರಡೂ ಲೆದರ್ ಅಲ್ಲ, ರೆಕ್ಸಿನ್, ನೀರು ಬಿದ್ದ ಕೂಡಲೇ ಸಿಪ್ಪೆ ಎದ್ದವು. ಈಗ ಒಳಗಿನ ಅಂಚು ನೋಡದೆ ಯಾವುದನ್ನೂ ಒಪ್ಪಿಕೊಳ್ಳುವುದಿಲ್ಲ.

ಬೀರುವಿನಲ್ಲಿ ಪ್ಲಾಸ್ಟಿಕ್ ಕವರ್ ಬೇಡ, ಹಳೇ ಕಾಟನ್ ಪಂಚೆ ಹೊದಿಸಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ಫ್ಯಾನ್ ಕೆಳಗೆ ಒಂದು ಗಂಟೆ ನೇತುಹಾಕಿ.

ಜೆ.ಸಿ. ರೋಡಿನವರು ಮೊನ್ನೆ ನನ್ನ ಜಾಕೆಟ್ ತೋಳು ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, "ಸ್ವೇಡ್‌ಗೂ ಹೀಗೇ ಮಾಡಬಹುದಾ?" ಅಂತ ಕೇಳಿದರು. ಸ್ವೇಡ್ ಅಂದರೆ ಮೇಲ್ಮೈಯಲ್ಲಿ ಸಣ್ಣ ರೋಮ ಇರುವ, ಮಖಮಲ್ಲಿನಂಥ ಲೆದರ್. ಅವರ ಅಂಗಡಿಯಿಂದಲೇ ಎರಡು ಸ್ವೇಡ್ ತುಂಡು ತಂದಿದ್ದೇನೆ. ಒಂದನ್ನು ತೊಳೆದು ಬ್ರಷ್ ಹಾಕಿದೆ, ರೋಮ ಎದ್ದು ನಿಂತಿಲ್ಲ. ಇನ್ನೊಂದು ಇನ್ನೂ ಒಣಗುತ್ತಿದೆ.